ಹೊಳೆವ್ವನ ಬೀಗದ ವಿಡಿಯೋಗಳು

ಹೊಳೆವ್ವ ಹೇಳಿದ್ದು ನಿಜವೋ, ಸೇಡಿಗೆ ಆಡಿದ ಮಾತೋ? ನಾಲ್ಕು ದಿನವಾಯಿತು, ಈ ಯೋಚನೆ ನನ್ನನ್ನು ಬಿಡುತ್ತಿಲ್ಲ. ಮಗಳು ಪ್ರಣಾಲಿಗೆ ಹಾಲು ಕುಡಿಸುವಾಗಲೂ ನನ್ನ ಕೈ ಅವಳ ಎಡತೊಡೆಯನ್ನೇ ತಡವುತ್ತಿರುತ್ತದೆ. ಬಟ್ಟೆ ಬದಲಿಸುವ ನೆಪದಲ್ಲಿ ದಿನಕ್ಕೆ ಇಪ್ಪತ್ತು ಸಲ ಎರಡೂ ಕಾಲು ನೋಡುತ್ತೇನೆ. ಒಮ್ಮೆ ಸಮ ಇವೆ ಅನ್ನಿಸುತ್ತದೆ, ಮರುಗಳಿಗೆಗೆ ಇಲ್ಲ ಅನ್ನಿಸುತ್ತದೆ. ಅವಳಿಗೆ ಈಗ ಎರಡೂವರೆ ತಿಂಗಳು.

ಹೊಳೆವ್ವ ನಮ್ಮ ಮನೆಗೆ ಕೂಸು ಎರೆಯಲು ಬರುತ್ತಿದ್ದವಳು. ಚಿಕ್ಕೋಡಿಯ ನಮ್ಮ ಮನೆಯಲ್ಲಿ ಮೂರು ತಿಂಗಳ ತನಕ ತಾಯಿ ತನ್ನ ಕೂಸಿಗೆ ತಾನು ಎರೆಯುವುದಿಲ್ಲ. ಕೈ ಪಳಗಿದ ಹೆಂಗಸೊಬ್ಬಳು ಬಂದು ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಹೊಗೆ ಕೊಟ್ಟು, ಸೀರೆಯ ತುಂಡಿನಲ್ಲಿ ಸುತ್ತಿ ಮಲಗಿಸಿ ಹೋಗುತ್ತಾಳೆ. ತವರಿನಲ್ಲಿ ನನಗೆ ಅಮ್ಮ ಇಲ್ಲ, ಹಾಗಾಗಿ ಬಾಣಂತನವೂ ಇಲ್ಲಿಯೇ ಆಯಿತು, ಹೊಳೆವ್ವನೂ ಬಂದಳು. ಅವಳನ್ನು ಬಿಡಿಸಿದವಳು ನಾನೇ. ಹೋಗುವಾಗ ಚಪ್ಪಲಿ ಮೆಟ್ಟುತ್ತಾ ಹೊಸ್ತಿಲಲ್ಲಿ ನಿಂತು ಅಂದಳು:

“ಎಡಗಾಲು ಒಮ್ಮೆ ಡಾಕ್ಟರಿಗೆ ತೋರಸ್ರಿ ವೈನಿ. ತೊಡಿ ಕೀಲು ಸರಿ ಕುಂತಿಲ್ಲ ಅನಸ್ತೈತಿ. ಕೂಸು ನಡಿಯೂ ಮಟಾ ಕಾಯಬ್ಯಾಡ್ರಿ.”

ಕೆಲಸದಿಂದ ತೆಗೆದ ಗಳಿಗೆಯಲ್ಲೇ ಇಂಥ ಮಾತು ಬಂದರೆ ಹೇಗೆ ನಂಬುವುದು? ಹಾಗಂತ ಕೇಳಿದ್ದನ್ನು ಕಿವಿಯಿಂದ ತೆಗೆದು ಹಾಕುವುದು ಹೇಗೆ?

ಅತ್ತೆ ರಾಜಮತಿಯವರು ಕೆಂಡವಾದರು. “ಹೆಣ್ಣ ಕೂಸಿಗೆ ಕುಂಟಿ ಅನ್ನೂ ಬಾಯಿ ಅಕೀದು! ಮಯೂರಿ, ಈ ಮಾತು ಈ ಬಾಗಲಾ ದಾಟಬಾರ್ದು ನೋಡು. ನಾಳೆ ಹತ್ತ ಮಂದಿ ಹತ್ತ ಮಾತು ಆಡ್ತಾರ.” ಗೊಬ್ಬರದ ಅಂಗಡಿಯಿಂದ ಊಟಕ್ಕೆ ಬಂದ ನನ್ನ ಗಂಡ ನಿತಿನ ತಟ್ಟೆಯಿಂದ ತಲೆ ಎತ್ತಲಿಲ್ಲ. “ಪೋಲಿಯೋ ಹನಿ ಹಾಕ್ಸೀವಲ್ಲ, ಮತ್ತೇನ?” ಹೆರಿಗೆಯಾದಾಗ ಕೊಟ್ಟ ಕಾಗದವನ್ನು ತೆಗೆದು ನೋಡಿದೆ. ಕೂಸು ಆರೋಗ್ಯವಾಗಿದೆ ಎಂದೇ ಬರೆದಿದೆ. ಆದರೂ ಸಮಾಧಾನವಿಲ್ಲ. ಹೊಳೆವ್ವ ಎಂಥವಳು ಎಂದು ಗೊತ್ತಾದರೆ ಅವಳ ಮಾತು ಎಂಥದ್ದು ಎಂದೂ ಗೊತ್ತಾದೀತು ಎಂದುಕೊಂಡು, ಅವಳ ಬಗ್ಗೆ ತಿಳಿದದ್ದನ್ನೆಲ್ಲ ಮನಸ್ಸಿನಲ್ಲಿ ಹರಡಿಕೊಂಡು ಕುಳಿತಿದ್ದೇನೆ.

ಹುಟ್ಟಿದ್ದು ರಾಯಬಾಗ ಕಡೆಯ ಅಲಖನೂರು. ಹದಿನೈದಕ್ಕೆ ಕಬ್ಬೂರಿಗೆ ಸೊಸೆಯಾಗಿ ಬಂದಳಂತೆ. ಅವಳ ಅತ್ತೆ ಸೂಲಗಿತ್ತಿ; ಆಕೆಯ ಹಿಂದೆ ಬಿಸಿನೀರಿನ ಕೊಡ ಹೊತ್ತುಕೊಂಡು ತಿರುಗುತ್ತಾ ಕೆಲಸ ಕಲಿತಳು. ಗಂಡ ತೀರಿಕೊಂಡಾಗ ಒಬ್ಬಳೇ ಮಗಳು ಸಾರಿಕಾ ನಾಲ್ಕನೇ ಇಯತ್ತೆಯಲ್ಲಿದ್ದಳು. ಎಷ್ಟು ಹೆರಿಗೆ ಮಾಡಿಸಿದ್ದೀರಿ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಎಣಸಬಾರ್ದ್ರಿ, ಕೂಸಿಗೆ ದೃಷ್ಟಿ ಆಗ್ತೈತಿ” ಅಂದಿದ್ದಳು. ನೂರಾ ಎಂಟರ ಗಾಡಿ ಊರೊಳಗೆ ಬರತೊಡಗಿದ ಮೇಲೆ ಬಸುರಿಯರೆಲ್ಲ ದವಾಖಾನೆಗೆ ಹೋದರು. “ಹಡಿಸೂದು ಸರ್ಕಾರಕ್ಕ ಹೋತು, ಎರಿಯೂದು ನನಗ ಉಳೀತು” ಎಂದು ನಗುತ್ತಿದ್ದಳು.

ಫೋನು ಕೈಗೆ ಬಂದದ್ದು ಸಾರಿಕಾಳಿಂದ. ಮಗಳು ಪುಣೆಯಲ್ಲಿ ಹಡೆದಾಗ ಹೊಳೆವ್ವನ ಕೈಯಲ್ಲಿ ಇಲ್ಲಿ ಮೂರು ಹಸಿಗೂಸುಗಳಿದ್ದವು, ಬಿಟ್ಟು ಹೋಗುವಂತಿರಲಿಲ್ಲ. ಅದಕ್ಕೆ ಒಂದು ಉದ್ದನೆಯ ಸೋರೆಕಾಯಿಯನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, “ಅಳಬ್ಯಾಡೋ ನನ್ನ ರಾಜಾ, ಮುಗೀತು, ಮುಗೀತು” ಎನ್ನುತ್ತಾ ನೀರು ಹಾಕುವುದನ್ನು ಪಕ್ಕದ ಮನೆಯವರ ಕೈಯಲ್ಲಿ ವಿಡಿಯೋ ಮಾಡಿಸಿದಳು. ಉದ್ದವಾಯಿತೆಂದು ಅದು ವಾಟ್ಸಾಪಿನಲ್ಲಿ ಹೋಗಲಿಲ್ಲ. ಯೂಟ್ಯೂಬಿಗೆ ಹಾಕಿ ಲಿಂಕು ಕಳಿಸೆಂದು ಸಾರಿಕಾ ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟಳು. ಯಾರು ನೋಡಬಹುದು ಎಂದು ಕೇಳುವ ಜಾಗದಲ್ಲಿ ಹೊಳೆವ್ವ ಎಲ್ಲರೂ ಎಂದು ಒತ್ತಿಬಿಟ್ಟಳು. ವಾರದೊಳಗೆ ಮೂವತ್ತು ಸಾವಿರ ಜನ ಸೋರೆಕಾಯಿಯ ಸ್ನಾನ ನೋಡಿದರು. ಸಾಂಗಲಿ, ಮಿರಜ, ಇಚಲಕರಂಜಿಯಿಂದೆಲ್ಲ ಬಾಣಂತಿಯರು ಮರಾಠಿಯಲ್ಲಿ ಪ್ರಶ್ನೆ ಕೇಳತೊಡಗಿದರು.

ನಮ್ಮ ಮನೆಗೆ ಬರುವ ಹೊತ್ತಿಗೆ, ಅಂದರೆ ಈ ವರ್ಷ, ೨೦೧೯ರಲ್ಲಿ, ಅವಳ ಚಾನೆಲ್ಲಿನಲ್ಲಿ ನೂರಕ್ಕೂ ಹೆಚ್ಚು ವಿಡಿಯೋಗಳಿದ್ದವು. ಓದಿದ್ದು ಮೂರನೇ ಇಯತ್ತೆ. ಹಂಡೆಯ ನೀರು ಕಾಯುವ ತನಕ ನಮ್ಮ ಕಟ್ಟೆಯ ಮೇಲೆ ಕುಳಿತು ಹೆಬ್ಬೆರಳಿನಲ್ಲೇ ಎಲ್ಲ ಮಾಡುತ್ತಿದ್ದಳು. ವಿಡಿಯೋದ ತುದಿ ಬುಡ ಕತ್ತರಿಸುವಳು, ಮೇಲಿನ ಚಿತ್ರ ಆರಿಸುವಳು, ತಲೆಬರಹ ಮೊದಲು ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲಿ. ಕೇಳಿದವರಿಗೆಲ್ಲ ಉತ್ತರ. “ಹೊಲಸ ಬರದವರನ್ನ ಒತ್ತಿ ಹಿಡದು ತಗದು ಒಗೀತೀನ್ರಿ, ಅಕ್ಕಿಯಾಗಿನ ಹರಳು ತಗದಂಗ.” ಯೂಟ್ಯೂಬಿನವಳೇ ನಮ್ಮ ಮನೆಗೆ ಬರುತ್ತಾಳೆಂದು ಅತ್ತೆಗೆ ಆಗ ಬಲು ಹೆಮ್ಮೆ.

ನನಗೆ ಮೊದಲ ದಿನದಿಂದಲೂ ಇರಿಸುಮುರಿಸು. ನಾನು ಹುಬ್ಬಳ್ಳಿಯಲ್ಲಿ ಓದಿದವಳು. ಮಕ್ಕಳ ಚಿತ್ರಗಳನ್ನು ಕದ್ದು ಎಂಥೆಂಥವರು ಎಲ್ಲೆಲ್ಲಿ ಹಾಕುತ್ತಾರೆಂದು ಓದಿ ಓದಿ ನಿದ್ದೆಗೆಟ್ಟವಳು. ಮೊದಲೇ ಹೇಳಿದ್ದೆ: “ಹೊಳೆವ್ವಾ, ನಮ್ಮ ಮಗಳನ್ನ ಅದರಾಗ ಹಾಕಬ್ಯಾಡ್ರಿ.”

“ಹೂಂ ಅಂದವರ ಕೂಸು ಅಷ್ಟ ಹಾಕ್ತೀನ್ರಿ ವೈನಿ. ಅದೂ ಮಾರಿ ತೋರಸಂಗಿಲ್ಲ. ನೀವು ಅಂಜಬ್ಯಾಡ್ರಿ.”

ನಾನು ಅಂಜುವುದನ್ನು ಬಿಡಲಿಲ್ಲ. ಬಚ್ಚಲ ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಅವಳು ಬಲಗಾಲನ್ನು ನೀವಿದಷ್ಟು ಎಡಗಾಲನ್ನು ನೀವುತ್ತಿಲ್ಲ ಎಂದು ಕೆಲವು ದಿನದಿಂದ ಕಾಣುತ್ತಿತ್ತು. ಬೇರೆ ಮನೆಗೆ ಹೋಗುವ ಅವಸರ, ಕೆಲಸಗಳ್ಳತನ ಎಂದುಕೊಂಡೆ. ಕಳೆದ ಭಾನುವಾರ ಕಡಲೆಹಿಟ್ಟಿನ ಡಬ್ಬಿಯ ಹಿಂದೆ ಫೋನಿನ ಮೂಲೆ ಕಾಣಿಸಿತು. ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು. ಪರದೆಯ ಮೇಲೆ ಕೆಂಪು ಚುಕ್ಕೆ, ಪಕ್ಕದಲ್ಲಿ ಓಡುತ್ತಿದ್ದ ಸೆಕೆಂಡುಗಳು.

ಕೋಣೆಗೆ ಹೋಗಿ ಅವಳ ಚಾನೆಲ್ಲನ್ನು ತಳದ ತನಕ ಜಾಲಾಡಿದೆ. ಪ್ರಣಾಲಿ ಎಲ್ಲಿಯೂ ಇರಲಿಲ್ಲ. ಸಮಾಧಾನವಾಗಬೇಕಿತ್ತು, ಅನುಮಾನ ದುಪ್ಪಟ್ಟಾಯಿತು. ಅಲ್ಲಿ ಹಾಕದಿದ್ದರೆ ಮತ್ತೆಲ್ಲಿಗೆ ಕಳಿಸುತ್ತಿದ್ದಾಳೆ?

ಮರುದಿನ ಎರೆದು ಮುಗಿಯುತ್ತಲೇ ಅತ್ತೆಯ ಮುಂದೆಯೇ ಕೈ ಚಾಚಿದೆ. “ಫೋನ್ ಕೊಡ್ರಿ.”

ಅವಳು ಸೆರಗಿಗೆ ಕೈ ಒರೆಸಿಕೊಂಡು, ತಾನೇ ತೆರೆದು ಕೊಟ್ಟಳು. ವಿಡಿಯೋಗಳನ್ನು ನೋಡಿಕೊಳ್ಳುವ ಆ್ಯಪಿನಲ್ಲಿ ಉದ್ದನೆಯ ಪಟ್ಟಿ. ಎಲ್ಲರಿಗೂ ಕಾಣುವವು ಕೆಲವು. ಉಳಿದವುಗಳ ಪಕ್ಕ ಪುಟ್ಟ ಬೀಗದ ಗುರುತು, ಅವಳೊಬ್ಬಳಿಗೇ ಕಾಣುವಂಥವು. ಆ ಬೀಗದವುಗಳಲ್ಲಿ ನಮ್ಮ ಬಚ್ಚಲಿನ ನೆಲದ ಹಸಿರು ಫರಸಿಕಲ್ಲು ಸಾಲುಸಾಲಾಗಿ ಕಂಡಿತು. ಮೂವತ್ತೊಂಬತ್ತು.

“ಇದೇನ್ರಿ ಇದು?”

“ಬೀಗ ಹಾಕೀನ್ರಿ. ಯಾರಿಗೂ ಕಾಣಸಂಗಿಲ್ಲ.”

“ಕಾಣಸಂಗಿಲ್ಲ ಅಂದ್ರ ಇಲ್ಲಿ ನೋಡಿದ್ದು ಆರು ಸಲ, ಎಂಟು ಸಲ ಅಂತ ಬರದೈತಲ್ಲ. ಯಾರು ನೋಡ್ಯಾರ?”

“ನಾನ ನೋಡೀನ್ರಿ.”

“ಒಂದ ಕೂಸಿನ ಎರಕಾ ಎಂಟ ಸಲ ಯಾಕ ನೋಡ್ತೀರಿ?”

ಅವಳು ಅತ್ತೆಯ ಕಡೆ ನೋಡಿದಳು, ನೆಲ ನೋಡಿದಳು. “ಫೋನಿನಾಗ ಜಾಗಾ ಇಲ್ಲಂತ ಅಲ್ಲಿ ಇಟ್ಟೀನ್ರಿ. ಎಲ್ಲಾ ಕೂಸಿನ್ನೂ ಇಡ್ತೀನಿ. ಕಣ್ಣೀಲೆ ಕಂಡದ್ದನ್ನ ಬರದು ಇಟ್ಕೊಳ್ಳಾಕ ಎಲ್ಲಿ ಬರ್ತೈತಿ?”

“ಕೇಳಿ ಇಡಬೇಕಿತ್ತಿಲ್ಲೋ?” ನನ್ನ ದನಿ ಏರಿತ್ತು. “ಮೊದಲ ಸಲ ತಪ್ಪಿ ಎಲ್ಲರೂ ಅಂತ ಒತ್ತಿದಾಕಿ, ಇನ್ನೊಮ್ಮೆ ತಪ್ಪಿ ಒತ್ತಿದ್ರ ನನ್ನ ಮಗಳ ಗತಿ ಏನು?”

ಈಗಲೂ ಈ ಮಾತಿನಲ್ಲಿ ನನ್ನದು ತಪ್ಪಿಲ್ಲ ಎಂದೇ ನನಗನ್ನಿಸುತ್ತದೆ. “ನೋಡಿ ಅಳಸ್ರಿ ವೈನಿ, ಒಂದೆರಡರ ನೋಡ್ರಿ ಮೊದಲ” ಎಂದು ಎರಡು ಸಲ ಅಂದಳು. ನಾನು ನೋಡಲಿಲ್ಲ. ಅಳಿಸಿದರೆ ಮತ್ತೆ ಸಿಗದು, ಒಪ್ಪಿಗೆಯೇ ಎಂದು ಫೋನು ಒಂದೊಂದಕ್ಕೂ ಕೇಳಿತು. ಮೂವತ್ತೊಂಬತ್ತು ಸಲ ಒಪ್ಪಿಗೆ ಎಂದು ಒತ್ತಿದೆ. ಫೋನು ವಾಪಸು ಕೊಟ್ಟು, ನಾಳೆಯಿಂದ ಬರಬೇಡಿ ಅಂದೆ. ಆಮೇಲೆಯೇ ಅವಳು ಹೊಸ್ತಿಲಲ್ಲಿ ನಿಂತು ಎಡಗಾಲಿನ ಮಾತು ಆಡಿದ್ದು. ಅತ್ತೆ ಕೂಗಾಡುವಾಗ ಇನ್ನೊಂದು ಮಾತೂ ಸೇರಿಸಿದಳು: “ಹಿಂದಕ ಕಬ್ಬೂರಾಗ ಒಂದ ಕೂಸಿನ ಕಣ್ಣು ದೀಪದ ಕಡೆ ಹೊಳ್ಳವಲ್ದು ಅಂದಿದ್ದಕ್ಕ, ನನ್ನ ಬಾಯಿ ಕೆಟ್ಟ ಅಂತ ಆ ಓಣ್ಯಾಗ ವರ್ಷಾನಗಟ್ಲೆ ಯಾರೂ ಕರೀಲಿಲ್ರಿ. ಅದಕ್ಕ ಈಗ ನೋಡಿ ನೋಡಿ, ಖಾತ್ರಿ ಆದಮ್ಯಾಲ ಹೇಳ್ತೀನಿ. ನಂಬಲಿಲ್ಲಂದ್ರ ತೋರಸಾಕ ಇರಲಿ ಅಂತ ಇಟ್ಟಿದ್ದೆ.”

ಎಷ್ಟು ಚೆನ್ನಾಗಿ ಹೊಂದುತ್ತದೆ! ಅದೇ ನನ್ನ ಅನುಮಾನ. ಸಿಕ್ಕಿಬಿದ್ದವರು ನಿಂತ ಕಾಲಲ್ಲೇ ಇಂಥ ಕತೆ ಕಟ್ಟುವುದಿಲ್ಲವೇ? ನಾಲ್ಕು ದಿನದಿಂದ ಅವಳ ಚಾನೆಲ್ಲಿನಲ್ಲಿ ಸುಳ್ಳು ಹುಡುಕುತ್ತಿದ್ದೇನೆ. ಬೇರೆ ತಾಯಂದಿರನ್ನೂ ಹೀಗೇ ಹೆದರಿಸಿ ಏನಾದರೂ ಮಾರುತ್ತಾಳೋ ಎಂದು ಕಾಮೆಂಟುಗಳನ್ನೆಲ್ಲ ಓದಿದೆ. ಎಣ್ಣೆ ಕಳಿಸಿಕೊಡಿ ಎಂದು ಕಾಗವಾಡದಿಂದ ಯಾರೋ ಕೇಳಿದ್ದಕ್ಕೆ “ನನ್ನ ಕಡೆ ಯಾವ ಎಣ್ಣೀನೂ ಇಲ್ರಿ, ಮನ್ಯಾಗಿಂದ ಹಚ್ರಿ” ಎಂದು ಬರೆದಿದ್ದಾಳೆ. ಆದರೆ ಎರಡು ತಿಂಗಳ ನಂತರದ ವಿಡಿಯೋದಲ್ಲಿ ಪಕ್ಕದಲ್ಲೇ ಹೊಸ ಎಣ್ಣೆಬಾಟಲಿ, ಲೇಬಲ್ಲು ಸರಿಯಾಗಿ ಕ್ಯಾಮೆರಾದ ಕಡೆಗೆ! ಸಿಕ್ಕಳು ಎಂದು ಒಬ್ಬಳೇ ಮಂಚದ ಮೇಲೆ ಎದ್ದು ಕುಳಿತೆ. ಎಣ್ಣೆ ಕಂಪನಿಯ ದುಡ್ಡಿನ ಆಸೆಗೆ ಬಿದ್ದವಳು ಮಾತನ್ನೂ ಮಾರಿಕೊಂಡಾಳು. ಎಡಗಾಲು, ಕೀಲು ಎಂದು ಇನ್ನಾರಿಗಾದರೂ ಹೇಳಿದ್ದಾಳೋ ಎಂದು ಹುಡುಕಿದರೆ, ನೂರು ವಿಡಿಯೋಗಳಲ್ಲಿ ಒಂದು ಸಲವೂ ಇಲ್ಲ. ಅದನ್ನು ಯಾವ ಲೆಕ್ಕಕ್ಕೆ ಹಾಕಲಿ?

ಹಾಗೆ ನೋಡುತ್ತಾ ಒಂದು ಸಂಗತಿ ಕಣ್ಣಿಗೆ ಬಿತ್ತು. ಪ್ರತಿ ವಿಡಿಯೋದ ಕೊನೆಗೂ ಅವಳು ಕೂಸನ್ನು ಅಂಗಾತ ಮಲಗಿಸಿ, ಎರಡೂ ಮೊಣಕಾಲು ಮಡಚಿ, ಹಿಮ್ಮಡಿ ಜೋಡಿಸಿ ಒಂದು ಗಳಿಗೆ ಹಿಡಿಯುತ್ತಾಳೆ. ಮಾತಿಲ್ಲ, ಹಾಡಿಲ್ಲ. ಎಲ್ಲ ಕೂಸುಗಳ ಮೊಣಕಾಲೂ ಒಂದೇ ಎತ್ತರಕ್ಕೆ, ಜೋಡಿ ಲೋಟ ಇಟ್ಟ ಹಾಗೆ.

ಇವತ್ತು ಬೆಳಿಗ್ಗೆ ಅತ್ತೆ ಒಲೆಯ ಮುಂದಿದ್ದಾಗ ಪ್ರಣಾಲಿಯನ್ನು ಚಾಪೆಯ ಮೇಲೆ ಮಲಗಿಸಿ ಹಾಗೆಯೇ ಮಾಡಿದೆ. ಎಡ ಮೊಣಕಾಲು ಕೆಳಗಿತ್ತು. ನಾನೇ ಸೊಟ್ಟ ಮಲಗಿಸಿದೆನೆಂದು ನೇರ ಮಾಡಿದೆ. ಕೆಳಗೇ ಇತ್ತು. ಮಗಳು ಆಟವೆಂದುಕೊಂಡು ನಗುತ್ತಿದ್ದಳು. ಮೂರನೆಯ ಸಲ ನೋಡುವಾಗ ಅತ್ತೆ ಬಂದರು.

“ಏನ್ ಮಾಡಾಕತ್ತಿ?”

“ಅತ್ತೀ, ಈ ಮೊಣಕಾಲ ನೋಡ್ರಿ. ಎರಡೂ ಸಮ ಅದಾವೇನು?”

“ಅಕೀ ಹೇಳಿದ್ದು ನಿನ್ನ ತಲ್ಯಾಗ ಕುಂತೈತಿ, ಅದಕ್ಕ ಹಂಗ ಕಾಣಸ್ತೈತಿ” ಎಂದು ಅತ್ತೆ ಕೂಸನ್ನು ಎತ್ತಿಕೊಂಡರು. ಆದರೆ ತೊಡೆಯ ಮೇಲೆ ಮಲಗಿಸಿಕೊಂಡು ಅವರೂ ಸುಮಾರು ಹೊತ್ತು ನೋಡಿದರು. ನೋಡಿ, ಎರಡೂ ಕಾಲನ್ನು ಉದ್ದಕ್ಕೆ ಎಳೆದು ಎಂದಿಗಿಂತ ಬಿಗಿಯಾಗಿ ಸುತ್ತಿ ಮಲಗಿಸಿದರು. ಊಟದ ನಂತರ ಬಸದಿಗೆ ಹೊರಟು ನಿಂತಾಗಲೂ ನನ್ನ ಮುಖ ನೋಡಲಿಲ್ಲ.

ಮನೆಯಲ್ಲಿ ನಾನು, ಪ್ರಣಾಲಿ ಇಬ್ಬರೇ. ಡಾಕ್ಟರ ಮುಂದೆ ಏನು ಹೇಳುವುದು? ಯಾವಾಗಿನಿಂದ ಹೀಗಿದೆ ಎಂದರೆ? ಅದನ್ನು ತೋರಿಸುವ ಮೂವತ್ತೊಂಬತ್ತನ್ನೂ ನನ್ನ ಕೈಯಾರೆ ಅಳಿಸಿದ್ದೇನೆ. ಹೊಳೆವ್ವನ ನಂಬರು ತೆಗೆದೆ, ಫೋನು ಕೆಳಗಿಟ್ಟೆ, ಮತ್ತೆ ತೆಗೆದೆ. ಅವಳು ಊರೆಲ್ಲ ಹೇಳಿಕೊಂಡು ತಿರುಗಿದರೆ? ನಮ್ಮ ಮೇಲೆಯೇ ಒಂದು ವಿಡಿಯೋ ಮಾಡಿ ಹಾಕಿದರೆ? ಕೊನೆಗೆ ಒತ್ತಿಯೇಬಿಟ್ಟೆ.

ಐದನೇ ರಿಂಗಿಗೆ ಎತ್ತಿದಳು. “ಯಾರ್ರಿ?”

“ನಾನ್ರಿ, ಮಯೂರಿ. ಚಿಕ್ಕೋಡಿಯಿಂದ.”

ಆ ಕಡೆ ಯಾವುದೋ ಕೂಸು ಅಳುತ್ತಿತ್ತು. ಆಮೇಲೆ ಕೇಳಿದಳು: “ಇದು ರೆಕಾರ್ಡ್ ಆಗಾಕತ್ತೈತೇನ್ರಿ?”

“ಇಲ್ರಿ, ದೇವರಾಣಿ ಇಲ್ಲ. ಹೊಳೆವ್ವಾ, ಎಡ ಮೊಣಕಾಲು ಕೆಳಗ ಐತಿ. ನಾ ಮೂರ ಸಲ ನೋಡಿದೆ.”

“ಹೂಂ.”

“ಯಾವಾಗಿಂದ ಐತ್ರಿ? ಡಾಕ್ಟರು ಕೇಳಿದ್ರ ಏನ್ ಹೇಳ್ಲಿ?”

“ಹದಿನೆಂಟನೇ ಎರಕಕ್ಕ ನನಗ ಸಂಶೆ ಬಂತ್ರಿ. ಕಾಲು ಅಗಲ ಮಾಡಿದ್ರ ಎಡಗಾಲು ಪೂರಾ ಹೋಗವಲ್ದು. ಅವತ್ತಿಂದ ಅದನ್ನ ಜಗ್ಗಿ ತಿಕ್ಕೂದು ಬಿಟ್ಟೆ. ತೋರಸ್ತಿದ್ದೆ, ನೀವು ಒಂದೂ ಉಳಸಲಿಲ್ಲ.” ಅದೇ ಒಣ ದನಿಯಲ್ಲಿ, “ಎಲುಬಿನ ಡಾಕ್ಟರ ಕಡೆ ಹೋಗ್ರಿ, ನೆಗಡಿ ಕೆಮ್ಮಿನವರ ಕಡೆ ಅಲ್ಲ. ನಾಳೇನ ಹೋಗ್ರಿ. ಈಗ ಕೂಸಿಗೆ ಹೆಂಗ ಸುತ್ತೀರಿ?”

“ಅತ್ತಿ ಸುತ್ತ್ಯಾರ್ರಿ. ಬಿಗಿ.”

“ಕಾಲು ಉದ್ದಕ್ಕ ಚಾಚಿ?”

“ಹೌದ್ರಿ.”

“ಬಿಚ್ರಿ ಮೊದಲ. ಹಂಗ ಸುತ್ತಬಾರ್ದು. ತೊಡಿ ಅಗಲ ಇರಲಿ, ಟೊಂಕದ ಮ್ಯಾಲ ಕುಂಡ್ರಿಸಿ ಎತಗೊಳ್ರಿ.”

ಫೋನನ್ನು ಚಾಪೆಯ ಮೇಲಿಟ್ಟು ಸೀರೆಯ ಗಂಟಿಗೆ ಕೈ ಹಾಕಿದೆ. ಅತ್ತೆಯ ಗಂಟು ಬೇಗ ಬಿಚ್ಚುವಂಥದಲ್ಲ.

“ಬಿಚ್ಚಿದಿರೇನ್ರಿ?” ಕೆಳಗಿನಿಂದ ಹೊಳೆವ್ವನ ದನಿ ಕೇಳಿಸಿತು.

“ಬಿಚ್ಚಾಕತ್ತೀನ್ರಿ,” ಅಂದೆ. “ಇಡಬ್ಯಾಡ್ರಿ ಫೋನು.”