ಯಂತ್ರಕ್ಕೆ ಬಿಳಿ ಬಣ್ಣ ಕಲಿಸಿದ ಲಚ್ಚಕ್ಕ

ಬಿಳಿ ಅನ್ನುವುದು ಒಂದೇ ಬಣ್ಣವಲ್ಲ ಎಂದು ನನಗೆ ಹೇಳಿಕೊಟ್ಟವರು ಲಚ್ಚಕ್ಕ. ಅವರ ಪ್ರಕಾರ ಬಿಳಿಯಲ್ಲಿ ಏಳೆಂಟು ಬಗೆ. ಹಾಲಿನ ಬಿಳಿ, ಮಜ್ಜಿಗೆಯ ಬಿಳಿ, ಗಂಜಿತಿಳಿಯ ಬಿಳಿ, ಕಾಯಿಯ ಒಳಮೈಯ ಬಿಳಿ, ತೊಳೆದು ತೊಳೆದು ಹಳತಾದ ಪಂಚೆಯ ಬಿಳಿ. ಗೋಡಂಬಿಯ ರಾಶಿಯ ಮುಂದೆ ಕೂತರೆ ಅವರ ಎರಡು ಕೈಗಳೂ ಬೇರೆ ಬೇರೆ ಹೆಂಗಸರ ಕೈಗಳ ಹಾಗೆ ಓಡುತ್ತಿದ್ದವು. ಬಲಗೈ ಗಾತ್ರ ನೋಡುತ್ತಿತ್ತು, ಎಡಗೈ ಬಣ್ಣ ನೋಡುತ್ತಿತ್ತು. ಬಾಯಿ ಮಾತ್ರ ಪಕ್ಕದವಳ ಹತ್ತಿರ ಬಂಗುಡೆ ಸಾರಿನ ವಿಷಯ ಮಾತಾಡುತ್ತಿತ್ತು.

ನಾನು ಕೋಟೇಶ್ವರದ ಹತ್ತಿರದ ಗೇರುಬೀಜದ ಕಾರ್ಖಾನೆಗೆ ಸೇರಿದ್ದು ತೊಂಬತ್ತೇಳರ ಮಳೆಗಾಲದಲ್ಲಿ, ಪಿಯುಸಿ ಮುಗಿಸಿದ ವರ್ಷ. ಓದಿದವಳು ಎಂದು ನನ್ನನ್ನು ಗ್ರೇಡಿಂಗ್ ಹಾಲಿನ ಸೂಪರ್‌ವೈಸರ್ ಮಾಡಿದರು. ಸುಲಿದು ಬಂದ ತಿರುಳನ್ನು ಗಾತ್ರ, ಬಣ್ಣ ನೋಡಿ ಬೇರೆ ಬೇರೆ ತಟ್ಟೆಗೆ ಹಾಕುವ ಜಾಗ ಅದು. ಉದ್ದ ಮೇಜುಗಳ ಎರಡೂ ಬದಿಗೆ ಐವತ್ತು ಹೆಂಗಸರು. ಅವರ ಕೆಲಸ ಸರಿಯಿದೆಯೇ ಎಂದು ನೋಡುವವಳು ನಾನು. ನನಗೋ ಎಲ್ಲ ತಟ್ಟೆಗಳೂ ಒಂದೇ ಥರ ಕಾಣುತ್ತಿದ್ದವು. ಮೂರನೆಯ ದಿನ ಲಚ್ಚಕ್ಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಗೈಯ ಮೇಲೆ ನಾಲ್ಕು ತಿರುಳು ಇಟ್ಟರು.

"ಇದ್ ಹಾಲ್ ಬಿಳಿ. ಇದ್ ಮಜ್ಗಿ ಬಿಳಿ. ಇದ್ ಗಂಜಿ ತೆಳಿ. ಇದ್ ಒಂದ್ ಗಳಿಗಿ ಹೆಚ್ಚ್ ಬೆಂದದ್ದ್. ಕಾಂತಾ ನಿಂಗೆ?"

"ನಂಗೆ ಎಲ್ಲಾ ಒಂದೇ ಕಂಡಾಂಗ್ ಆತ್ತ್ ಲಚ್ಚಕ್ಕ."

"ಎರಡ್ ತಿಂಗ್ಳ್ ಹೋಯ್ಲಿ. ಹೆಕ್ಕುದ್ ಎಲ್ರಿಗೂ ಬತ್ತ್ ಹೆಣೆ. ಬಿಡುದ್ ಕಲಿಕ್."

ಎರಡು ತಿಂಗಳಲ್ಲಿ ನಿಜವಾಗಿಯೂ ಕಾಣಿಸತೊಡಗಿತು. ಆದರೆ ಅವರಿಗೆ ಕಂಡಷ್ಟು ನನಗೆ ಎಂದೂ ಕಾಣಿಸಲಿಲ್ಲ.

ಆಗ ಲಚ್ಚಕ್ಕನಿಗೆ ನಲವತ್ತು ದಾಟಿತ್ತು. ಬೀಜಾಡಿಯಲ್ಲಿ ಮನೆ, ಗಂಡ ತೆಂಗಿನಕಾಯಿ ಕೊಯ್ಯುವವರು, ಮಕ್ಕಳಿರಲಿಲ್ಲ. ಮೊದಲ ಹತ್ತು ವರ್ಷ ಅವರು ಬೀಜ ಒಡೆಯುವ ಕಡೆ ಇದ್ದವರು. ಸಿಪ್ಪೆಯ ಎಣ್ಣೆ ತಾಗಿ ಬೆರಳ ತುದಿಗಳು ಕಪ್ಪಾಗಿ ಒಡೆದಿದ್ದವು, ಆ ಕಪ್ಪು ಕೊನೆಯವರೆಗೂ ಹೋಗಲಿಲ್ಲ. ಹೆಸರು ಮಹಾಲಕ್ಷ್ಮಿ ಎಂದು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಗೋಡಂಬಿಯನ್ನು ಅವರು ಬಾಯಿಗೆ ಹಾಕಿದ್ದನ್ನು ನಾನು ನೋಡಿಲ್ಲ. "ತಿಂಬುಕ್ ಮನ್ಸೇ ಬತ್ತಿಲ್ಲೆ ಮಾರಾಯ್ತಿ. ಕಂಡ್ ಕೂಡ್ಲೆ ಇದ್ ಯಾವ್ ತಟ್ಟಿಗ್ ಹೋಪುದ್ ಅಂದೇಳಿಯೇ ಕಾಂಬುದ್" ಅನ್ನುತ್ತಿದ್ದರು. ನನ್ನ ಅಕ್ಕನ ಮದುವೆಗೆ ಬಂದಾಗ ಪಾಯಸದಿಂದ ಒಂದು ಗೋಡಂಬಿ ಎತ್ತಿ ಬೆಳಕಿಗೆ ಹಿಡಿದು, "ಹ್ವಾಯ್, ಇದ್ ನಮ್ಮಲ್ಲಿ ಬಿಸಾಡಿದ್ದಲ್ದಾ!" ಎಂದು ದೊಡ್ಡ ದನಿಯಲ್ಲಿ ಹೇಳಿಬಿಟ್ಟರು. ಅಡುಗೆಯವರು ಆ ಪಂಕ್ತಿಗೆ ಮತ್ತೆ ಪಾಯಸ ತರಲೇ ಇಲ್ಲ.

ನಾನು ಅವರ ಕಣ್ಣನ್ನು ದೇವರಂತೆ ನಂಬುವುದಕ್ಕೆ ಬೇರೊಂದು ಕಾರಣವಿದೆ. ಸೇರಿ ನಾಲ್ಕು ವರ್ಷವಾಗಿತ್ತು. ಒಂದು ವಾರದಿಂದ ನನಗೆ ಸುಸ್ತು, ಊಟ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಾಜರಿ ಹಾಕುತ್ತ ಅವರ ಮೇಜಿನ ಹತ್ತಿರ ಬಂದಾಗ ಲಚ್ಚಕ್ಕನ ಕೈ ನಿಂತಿತು.

"ಹೆಣೆ, ಮೇಲ್ ಕಾಣ್. ಬೆಳಕಿಗ್ ಬಾ." ನನ್ನ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. "ನಿನ್ನ್ ಕಣ್ಣ್ ಬಿಳಿ ಇಲ್ಲೆ. ಈಗ್ಳೇ ಕುಂದಾಪ್ರಕ್ಕೆ ಹೋಯ್ ರಕ್ತ ಕೊಟ್ಟ್ ಬಾ."

"ನಾಳೆ ರಜೆ ಅಲ್ದಾ, ನಾಳೆ ಹೋತೆ."

"ನಾಳಿ ಅಲ್ಲ. ಈಗ್ಳೇ."

ಡಾಕ್ಟರು ಕಣ್ಣು ಬಿಡಿಸಿ ನೋಡಿ, ಅಂಥದ್ದೇನೂ ಕಾಣಿಸುವುದಿಲ್ಲ, ಬೇಕಾದರೆ ರಕ್ತ ನೋಡೋಣ ಎಂದರು. ರಕ್ತದಲ್ಲಿ ಕಾಮಾಲೆ ಚೆನ್ನಾಗಿಯೇ ಏರಿತ್ತು. ಒಂದೂವರೆ ತಿಂಗಳು ಮಲಗಿದೆ. ವಾಪಸು ಬಂದ ದಿನ ಲಚ್ಚಕ್ಕ ಮತ್ತೆ ನನ್ನ ಗಲ್ಲ ಹಿಡಿದು ನೋಡಿ, "ಹಾಂ, ಈಗ ಅಡ್ಡಿಲ್ಲೆ" ಎಂದು ಕೆಲಸಕ್ಕೆ ತಿರುಗಿದರು. ಅಷ್ಟೇ.

ಎರಡು ಸಾವಿರದ ಹನ್ನೆರಡರ ಸುಮಾರಿಗೆ ಯಂತ್ರ ಬಂತು.

ಅದಕ್ಕೆ ಮೊದಲು ಒಡೆಯರು ನನ್ನನ್ನು ಆಫೀಸಿಗೆ ಕರೆದಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಹೆಂಗಸರ ಮಕ್ಕಳ ಮದುವೆಗೆ ಬಂದು ಉಂಡು ಹೋಗುವವರು. "ನಂಗೂ ಮನ್ಸಿಲ್ಲೆ ವಿನೋದ" ಎಂದರು. "ಸುತ್ತಮುತ್ತ ಎಲ್ರೂ ಹಾಕಿ ಆಯ್ತ್. ಹೊರದೇಶದವ್ರ್ ಮಿಷನ್‌ದ್ ಮಾಲೇ ಬೇಕ್ ಅಂತ್ರ್. ಹೊಸ ಹೆಣ್‌ಮಕ್ಳ್ ಒಬ್ಬರಾರೂ ಈ ಕೆಲ್ಸಕ್ಕೆ ಬತ್ತ್ರಾ ಹೇಳ್? ಇವ್ರಿಗೆಲ್ಲ ವಯಸ್ಸಾದ್ಮೇಲೆ ನಾ ಎಂತ ಮಾಡೂದ್?" ಅವರು ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ಇವತ್ತಿಗೂ ನನಗೆ ಹುಡುಕಲಾಗಿಲ್ಲ.

ಒಂದು ಕೋಣೆಯಷ್ಟು ದೊಡ್ಡ ಬಿಳಿ ಪೆಟ್ಟಿಗೆ ಅದು. ಮೇಲಿನಿಂದ ಗೋಡಂಬಿ ಜಾರಿ ಬೀಳುವಾಗ ಒಳಗಿನ ಕ್ಯಾಮೆರಾ ಒಂದೊಂದನ್ನೂ ನೋಡುತ್ತದೆ. ಬೇಡದ್ದು ಕಂಡರೆ ಫಟ್ ಎಂದು ಗಾಳಿ ಬಿಟ್ಟು ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಮೊದಲ ಸಲ ಓಡಿಸಿದಾಗ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಲಚ್ಚಕ್ಕ ಮಾತ್ರ ಹತ್ತಿರ ಹೋಗಿ ಬಗ್ಗಿ ನೋಡಿ, "ಅಯ್ಯಬ್ಬಾ! ಮುಟ್ಟುದೇ ಇಲ್ಯಲೆ!" ಎಂದರು. ಆ ದನಿಯಲ್ಲಿ ಹೆದರಿಕೆ ಇರಲಿಲ್ಲ. ಒಳ್ಳೆಯ ಕೆಲಸಗಾರರು ಇನ್ನೊಬ್ಬರ ಕೈಚಳಕ ನೋಡಿ ಮೆಚ್ಚುವ ಹಾಗೆ ಇತ್ತು.

ಯಂತ್ರ ಜೋಡಿಸಲು ಕೊಯಮತ್ತೂರಿನಿಂದ ಒಬ್ಬ ಇಂಜಿನಿಯರ್ ಬಂದಿದ್ದ. "ಮೇಡಂ, ಮಿಷನ್‌ಗೆ ಈಗ ಏನೂ ಗೊತ್ತಿಲ್ಲ, ಚಿಕ್ಕ ಮಗು ಥರ" ಎಂದ. "ಒಳ್ಳೇದು ಯಾವುದು, ಬೇಡದ್ದು ಯಾವುದು, ನಾವು ತೋರಿಸಬೇಕು. ಒಂದು ತಪ್ಪೂ ಇಲ್ಲದ ತಟ್ಟೆಗಳು ಬೇಕು. ನಿಮ್ಮಲ್ಲಿ ಬೆಸ್ಟ್ ಯಾರು?"

"ಲಚ್ಚಕ್ಕ" ಎಂದೆ. ಯೋಚಿಸಲೇ ಇಲ್ಲ. ಹದಿನೈದು ವರ್ಷದಿಂದ ಆ ಪ್ರಶ್ನೆಗೆ ನನ್ನ ಬಾಯಲ್ಲಿದ್ದ ಉತ್ತರ ಅದೊಂದೇ.

ಎರಡು ದಿನ ಲಚ್ಚಕ್ಕ ಒಬ್ಬರೇ ಬೇರೆ ಮೇಜಿನಲ್ಲಿ ಕೂತು ಆ ತಟ್ಟೆಗಳನ್ನು ಮಾಡಿದರು. ಯಂತ್ರ ಯಾಕೆ ಬಂದಿದೆ ಎಂದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಸುಮತಿ ಎಂಬವಳು ಲಚ್ಚಕ್ಕನ ಎದುರು ಕೂರುತ್ತಿದ್ದವಳು, ಹನ್ನೆರಡು ವರ್ಷದ ಜೊತೆ. ಗಂಡನಿಗೆ ಸೊಂಟ ಬಿದ್ದುಹೋಗಿ ಮನೆ ಅವಳ ಮೇಲೆಯೇ ನಡೆಯುತ್ತಿತ್ತು. ಎರಡನೆಯ ದಿನ ಅವಳು ನೀರು ಕುಡಿಯುವ ನೆಪದಲ್ಲಿ ಬಂದು ಲಚ್ಚಕ್ಕನ ಕಿವಿಯ ಹತ್ತಿರ ಹೇಳಿದ್ದು ನನಗೂ ಕೇಳಿಸಿತು.

"ಅಕ್ಕ, ಸ್ವಲ್ಪ ತಪ್ಪ್ ಹಾಕ್. ಸುಟ್ಟದ್ನ ಬಿಳಿಗೆ ಸೇರ್ಸ್. ಅದ್ ಸರಿ ಕಲಿಯದಿರೆ ನಾವ್ ಉಳಿತ್."

ಲಚ್ಚಕ್ಕ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಬಣ್ಣ ಕೆಟ್ಟ ತಿರುಳುಗಳ ತಟ್ಟೆಯಿಂದ ಒಂದು ಹಿಡಿ ತೆಗೆದು ಒಳ್ಳೆಯ ಬಿಳಿಯ ತಟ್ಟೆಗೆ ಹಾಕಿ, ಕೈಯಾಡಿಸಿ ಬೆರೆಸಿಬಿಟ್ಟರು. ಅಷ್ಟರಲ್ಲಿ ನಾನು ಹತ್ತು ಹೆಜ್ಜೆ ದೂರ ಹೋಗಿದ್ದೆ. ನೋಡಿದೆ. ತಡೆಯುವುದು ನನ್ನ ಕೆಲಸ. ಆದರೆ ನಾನು ಮುಖ ತಿರುಗಿಸಿಕೊಂಡು ಕಿಟಕಿಯ ಕಡೆ ಹೋದೆ. ಹಾಗೇ ಆಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ ಕೂಡ.

ಮಧ್ಯಾಹ್ನದ ಊಟದ ಗಂಟೆ ಬಾರಿಸಿತು. ಎಲ್ಲರೂ ಹೊರಗೆ ಬುತ್ತಿ ಬಿಚ್ಚಿ ಕೂತಿದ್ದರು. ಒಳಗೆ ನಾನೊಬ್ಬಳೇ ಇದ್ದೆ. ಲಚ್ಚಕ್ಕ ಅರ್ಧ ಊಟದಿಂದ ಎದ್ದು, ಕೈ ತೊಳೆದು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಒಳಗೆ ಬಂದರು. ಆ ತಟ್ಟೆಯನ್ನು ಮುಂದೆ ಎಳೆದುಕೊಂಡು, ಹಾಕಿದ್ದನ್ನು ಒಂದೊಂದಾಗಿ ಹೆಕ್ಕಿ ತೆಗೆಯತೊಡಗಿದರು.

"ಬಿಡಿ ಲಚ್ಚಕ್ಕ" ಎಂದೆ. "ಇರ್ಲಿ. ನಾ ಯಾರಿಗೂ ಹೇಳುದಿಲ್ಲೆ."

"ಆತಿಲ್ಲೆ ಹೆಣೆ." ಅವರ ಕಣ್ಣು ತುಂಬಿತ್ತು. ಕೈ ನಿಲ್ಲಲಿಲ್ಲ. "ಉಂಬುಕ್ ಕೂಕಂಡ್ರೆ ಅನ್ನದಲ್ಲೂ ಅದೇ ಕಾಂತ್. ತಪ್ಪ್ ಹಾಕುಕ್ ಈ ಕೈಗ್ ಬತ್ತಿಲ್ಲೆ. ಎಂತ ಮಾಡೂದ್, ಹೇಳ್?"

ನಾನು ಪಕ್ಕದಲ್ಲಿ ಕೂತೆ. ಇಬ್ಬರೂ ಸೇರಿ ಹೆಕ್ಕಿದೆವು. ಗಂಟೆ ಬಾರಿಸುವಷ್ಟರಲ್ಲಿ ತಟ್ಟೆ ಶುದ್ಧವಾಗಿತ್ತು.

ನಾಲ್ಕು ದಿನಗಳಲ್ಲಿ ಯಂತ್ರ ಕಲಿತುಬಿಟ್ಟಿತು. ಇಂಜಿನಿಯರ್ ತುಂಬ ಖುಷಿಯಾಗಿ, "ಇಷ್ಟು ಚೆನ್ನಾಗಿ ಬೇರೆ ಎಲ್ಲೂ ಆಗಿಲ್ಲ, ಆ ಅಮ್ಮನ ತಟ್ಟೆ ಅಷ್ಟು ಕರೆಕ್ಟು" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ. ಹೊಗಳಿಕೆಯೆಂದೇ ಹೇಳಿದ್ದು. ಸುಮತಿ ಲಚ್ಚಕ್ಕನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ನೋಡಲಿಲ್ಲ.

ಐವತ್ತು ಮಂದಿಯಲ್ಲಿ ಆರು ಮಂದಿ ಸಾಕು ಎಂದರು. ಯಂತ್ರದಿಂದ ಹೊರಬಂದ ಮಾಲು ಒಂದು ಬೆಲ್ಟಿನ ಮೇಲೆ ಓಡುತ್ತದೆ. ಅದರ ಬದಿಗೆ ನಿಂತು, ಯಂತ್ರ ಬಿಟ್ಟದ್ದನ್ನು ಹಿಡಿಯುವ ಕೆಲಸ. ಆರು ಹೆಸರು ಬರೆದುಕೊಡುವ ಕೆಲಸ ನನ್ನದಾಯಿತು. ಲಚ್ಚಕ್ಕನ ಹೆಸರು ಮೊದಲು ಬರೆದೆ. ಚೀಟಿಯಲ್ಲಿ ಸುಮತಿಯ ಹೆಸರು ಏಳನೆಯದು. ಅದನ್ನು ಬರೆದು ಹೊಡೆದುಹಾಕಿದೆ. ಆರೆಂದರೆ ಆರೇ. ಒಡೆಯರ ಹತ್ತಿರ ಹೋಗಿ ಕೇಳಿದ್ದೂ ಆಯಿತು. ಅವರು ಕೈಮುಗಿದ ಹಾಗೆ ಮಾಡಿ, "ನನ್ನತ್ರ ಕೇಣ್ಬೇಡ ಮಾರಾಯ್ತಿ" ಎಂದರು.

ಹೊರಟುಹೋದವರು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಒಡೆಯರ ಮೇಲೂ ಮಾಡಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ಲಚ್ಚಕ್ಕ ಕಲಿಸಿಕೊಟ್ಟಳು, ತನ್ನ ಕೆಲಸ ಉಳಿಸಿಕೊಂಡಳು. ಅವರು ಒಂದು ಹಿಡಿ ಬೆರೆಸಿದ್ದು, ಊಟ ಬಿಟ್ಟು ಬಂದು ಅತ್ತದ್ದು, ಇದನ್ನು ಕಂಡವಳು ನಾನೊಬ್ಬಳೇ. ನಾನು ಬಾಯಿ ಬಿಟ್ಟಿದ್ದರೆ ತಟ್ಟೆ ಕೆಡಿಸಿದ್ದನ್ನೂ ಹೇಳಬೇಕಾಗುತ್ತಿತ್ತು, ಕಂಡು ಸುಮ್ಮನಿದ್ದದ್ದನ್ನೂ. ನನ್ನ ಕೆಲಸ ಉಳಿದಿತ್ತು. ಸುಮ್ಮನಿದ್ದೆ.

ಬೆಲ್ಟಿನ ಮುಂದೆ ಲಚ್ಚಕ್ಕ ಒಂದು ವರ್ಷವೂ ನಿಲ್ಲಲಿಲ್ಲ. "ಮೊದ್ಲ್ ಮಾಲ್ ನಿಂತಿರ್ತಿತ್ತ್, ನನ್ನ ಕೈ ಓಡ್ತಿತ್ತ್. ಈಗ ಮಾಲ್ ಓಡುತ್, ಕೈ ನಿಂತಿತ್ತ್. ಕಂಡ್ ಕಂಡ್ ತಲಿ ತಿರ್ಗುತ್ ಹೆಣೆ." ಎರಡು ಸಲ ಅಲ್ಲೇ ವಾಂತಿ ಮಾಡಿಕೊಂಡರು. ಸಂಜೆ ಬಸ್‌ಸ್ಟಾಪಿನಲ್ಲಿ, ಮೊದಲು ಹತ್ತು ಜನರ ನಡುವೆ ನಗಿಸುತ್ತ ನಿಲ್ಲುತ್ತಿದ್ದವರು, ಮೀನಿನ ಖಾಲಿ ಚೀಲ ಹಿಡಿದು ಒಬ್ಬರೇ ನಿಲ್ಲುತ್ತಿದ್ದರು. ಸುಮತಿಯ ಮಗಳ ಮದುವೆಗೆ ಅವರಿಗೆ ಕರೆ ಬರಲಿಲ್ಲ. ಆ ವಾರವೇ ಕೆಲಸ ಬಿಟ್ಟರು. ಮುಂದೆ ಗಂಡ ತೀರಿಕೊಂಡ ಮೇಲೆ ಬೀಜಾಡಿಯ ಮನೆಗೆ ಬೀಗ ಹಾಕಿ ಸಿದ್ದಾಪುರದ ತಂಗಿಯ ಮನೆಗೆ ಹೋದರು.

ಕೊನೆಯ ಸಲ ಸಿಕ್ಕಿದ್ದು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ, ಅದಾಗಿ ಎರಡು ವರ್ಷದ ಮೇಲೆ. ತುಂಬ ಇಳಿದುಹೋಗಿದ್ದರು. ಸಿದ್ದಾಪುರದ ಬಸ್ಸು ಹೊರಡಲು ನಿಂತಿತ್ತು. ನನ್ನ ಕೈ ಹಿಡಿದುಕೊಂಡು ಕೇಳಿದರು:

"ಹೆಣೆ, ಅವತ್ತ್ ನಾ ಕಲ್ಸದಿರೆ ಬೇರೆ ಯಾರಾರೂ ಕಲ್ಸತಿದ್ರಾ?"

"ಹೌದ್ ಲಚ್ಚಕ್ಕ. ಯಾರಾರೂ ಕಲ್ಸತಿದ್ರ್. ನೀವಲ್ದಿರೆ ನಾನೇ ಕೂಕಂಡ್ ಮಾಡ್ಕಿತ್ತ್."

"ಹಾಂಗಾರೆ ಅದ್ನ ಸುಮತಿಗ್ ಒಂದ್ ಹೇಳ್ ಮಾರಾಯ್ತಿ. ನಾ ಹೇಳ್ರೆ ಅವ್ಳ್ ನಂಬುದಿಲ್ಲೆ."

ಹೇಳುತ್ತೇನೆ ಎಂದೆ. ಕಂಡಕ್ಟರ್ ಸೀಟಿ ಊದಿದ. ಕಿಟಕಿಯಿಂದ ಮತ್ತೊಮ್ಮೆ, "ಮರೀಬೇಡ, ಆಯ್ತಾ?" ಎಂದರು.

ಮರೆಯಲಿಲ್ಲ. ಹೋಗಲೂ ಇಲ್ಲ. ಸುಮತಿಯ ಮನೆ ನಮ್ಮ ಮನೆಯಿಂದ ಒಂದು ಮೈಲಿ ಕೂಡ ಇಲ್ಲ. ಅವಳ ಎದುರು ನಿಂತು ಅದನ್ನು ಹೇಳುವುದೆಂದರೆ ಉಳಿದದ್ದನ್ನೂ ಹೇಳಬೇಕು. ಈ ವಾರ, ಬರುವ ವಾರ ಎಂದು ಐದು ತಿಂಗಳು ಕಳೆದೆ. ಮಳೆಗಾಲದಲ್ಲಿ ಲಚ್ಚಕ್ಕನ ತಂಗಿಯ ಫೋನು ಬಂತು. ಜ್ವರ ಬಂದು ಮೂರೇ ದಿನ. ತೀರಿಕೊಂಡು ಒಂಬತ್ತು ದಿನವಾಗಿತ್ತು, ಯಾರಿಗೂ ಹೇಳಿಕಳಿಸಲು ಆಗಲಿಲ್ಲವಂತೆ.

ಮರುದಿನ ಬೆಳಿಗ್ಗೆ ಸುಮತಿಯ ಮನೆಗೆ ಹೋದೆ. ಮದುವೆಯ ಅಡುಗೆಯವರ ಜೊತೆ ಪಾತ್ರೆ ತೊಳೆಯಲು ಹೋಗುವ ಕೆಲಸ ಅವಳಿಗೀಗ. ಅಂಗಳದಲ್ಲಿ ನಿಂತೇ ಎಲ್ಲ ಹೇಳಿದೆ. ಒಂದು ಹಿಡಿ ಬೆರೆಸಿದ್ದು, ನಾನು ಮುಖ ತಿರುಗಿಸಿದ್ದು, ಅವರು ಊಟ ಬಿಟ್ಟು ಬಂದದ್ದು, ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದು. ಲಚ್ಚಕ್ಕ ತೀರಿಕೊಂಡದ್ದೊಂದನ್ನು ಮಾತ್ರ ಇನ್ನೂ ಹೇಳಿರಲಿಲ್ಲ, ಮೊದಲು ಇದು ಮುಗಿಯಲಿ ಎಂದು.

ಸುಮತಿ ಜಗಲಿಯ ಮೇಲೆ ಕೂತಳು.

"ನಂಗ್ ಗೊತ್ತಿತ್ತಮ್ಮ" ಎಂದಳು. "ಅಕ್ಕನ ಕೈ ನಂಗೆ ಗೊತ್ತಿಲ್ಯಾ? ತಪ್ಪ್ ಹಾಕುಕ್ ಅವ್ಳಿಂದ್ ಆತಿಲ್ಲೆ ಅಂದೇಳಿ ಹೇಳುವತಿಗೇ ಗೊತ್ತಿತ್ತ್. ಆರೆ ಯಾರ್ ಮೇಲೆ ಸಿಟ್ಟ್ ಮಾಡೂದ್, ಹೇಳ್? ಒಡೇರ್ ಮೇಲೆ ಮಾಡುಕಾತ್ತಾ? ಮಿಷನ್ ಮೇಲೆ ಮಾಡುಕಾತ್ತಾ? ನಮ್ಮವ್ಳ್ ಅಂದೇಳಿ ಅವ್ಳ್ ಮೇಲೆ ಮಾಡಿದ್ದ್."

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಒಳಗೆ ಹೋಗಿ ಒಣ ಸಿಗಡಿ ಕಟ್ಟಿದ ಕಾಗದದ ಪೊಟ್ಟಣವೊಂದನ್ನು ತಂದು ಕೈಯಲ್ಲಿ ತೂಗಿ ನೋಡಿದಳು.

"ಅಕ್ಕನಿಗ್ ಇದಂದ್ರೆ ಆಸಿ. ಸಿದ್ದಾಪುರದಲ್ಲಿ ಎಲ್ಲ್ ಸಿಕ್ಕತ್? ಇವತ್ತ್ ನಂಗೂ ಕೆಲ್ಸ ಇಲ್ಲೆ. ಹತ್ ಗಂಟಿ ಬಸ್ಸಿಗ್ ಹೋಪನಾ?"

ನಾನು ಅವಳ ಕೈಯ ಪೊಟ್ಟಣವನ್ನೇ ನೋಡುತ್ತ ನಿಂತಿದ್ದೆ. ಅವಳು ಆಗಲೇ ಚಪ್ಪಲಿ ಹುಡುಕುತ್ತಿದ್ದಳು.