ತಳ ಹಿಡಿದ ಅನ್ನದ ಪೊಟ್ಟಣ

ನನ್ನ ಗಂಡನಿಗೆ ಕೆಲಸದ ಜಾಗದಲ್ಲಿ ಒಣರಾಯ ಎಂದು ಹೆಸರು. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಹಗಲೆಲ್ಲ ಕೊಪ್ಪರಿಗೆಗಟ್ಟಲೆ ನೀರು ಸುರಿದು ಬೇಯಿಸುತ್ತಾರೆ. ಮನೆಗೆ ಬಂದರೆ ಬೇಯಿಸಿದ್ದರಿಂದ ನೀರು ತೆಗೆಯುತ್ತಾರೆ. ಇಂಥ ಪ್ರಾಣಿ ಇನ್ನೊಂದಿದ್ದರೆ ನನಗೆ ತೋರಿಸಿ. ಮದುವೆಯಾದ ಹೊಸದರಲ್ಲಿ ಆಸೆಪಟ್ಟು ಒಂದು ಕಲ್ಲಂಗಡಿ ತಂದಿಟ್ಟಿದ್ದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದನ್ನು ತೆಳ್ಳಗೆ ಹೋಳು ಮಾಡಿ ಒಣಗಲು ಹರಡಿಬಿಟ್ಟಿದ್ದರು. ಅವತ್ತೇ ನನ್ನ ಹಣೆಬರಹ ಇಷ್ಟೇ ಎಂದುಕೊಂಡೆ.

ಇದಕ್ಕೆಲ್ಲ ಕಾರಣ ಬೆಟ್ಟ ಹತ್ತುವ ಹುಚ್ಚು. ಬೆನ್ನಿಗೆ ಚೀಲ ಏರಿಸಿಕೊಂಡು ದಿನಗಟ್ಟಲೆ ನಡೆಯುವವರಿಗೆ ಭಾರವೇ ಶತ್ರು ಅಂತೆ, ಊಟದ ಭಾರದಲ್ಲಿ ಬಹುಪಾಲು ನೀರೇ ಅಂತೆ. ಹಾಗಾಗಿ ಅನ್ನ, ಬೇಳೆ, ತರಕಾರಿಯನ್ನು ಮನೆಯಲ್ಲೇ ಬೇಯಿಸಿ, ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಬಿಸಿಗಾಳಿಯ ಪೆಟ್ಟಿಗೆಯೊಳಗೆ ಗರಿಗರಿಯಾಗುವವರೆಗೆ ಒಣಗಿಸುತ್ತಾರೆ. ಒಂದು ಹೊತ್ತಿನ ಊಟ ಒಂದು ಹಿಡಿಯಷ್ಟಾಗುತ್ತದೆ. ಅದನ್ನು ದಪ್ಪ ಪೊಟ್ಟಣಕ್ಕೆ ಹಾಕಿ ಬಾಯಿ ಅಂಟಿಸುತ್ತಾರೆ. ಬೆಟ್ಟದ ಮೇಲೆ ಪೊಟ್ಟಣ ಹರಿದು, ಅದರ ಮೇಲೆ ಗುರುತು ಹಾಕಿದ ಗೆರೆಯವರೆಗೆ ಕುದಿನೀರು ಸುರಿದು, ಹಳೇ ಉಣ್ಣೆ ಟೋಪಿಯಲ್ಲಿ ಸುತ್ತಿಟ್ಟು ಕಾದರೆ ಎಲ್ಲ ಮೊದಲಿನಂತೆ ಉಬ್ಬಿಕೊಳ್ಳುತ್ತದೆ. ಮನೆಯ ಮೇಜಿನ ಮೇಲೆ ರುಚಿ ನೋಡಿದ್ದು ಇವರಿಗೆ ಲೆಕ್ಕಕ್ಕಿಲ್ಲ. ಎತ್ತರದಲ್ಲಿ ನೀರು ಸರಿಯಾಗಿ ಕಾಯುವ ಮೊದಲೇ ಕುದಿಯುತ್ತದೆಯಂತೆ, ಅಗುಳು ನೆನೆಯದೆ ಕಲ್ಲಿನಂತೆ ಉಳಿಯುತ್ತದೆಯಂತೆ. ಆದ್ದರಿಂದ ಏನೇ ಒಣಗಿಸಲಿ, ತಾವೇ ಹೊತ್ತುಕೊಂಡು ಹೋಗಿ ಮೇಲೆ ತಿಂದು ನೋಡಿಯೇ ಬರಬೇಕು.

"ಹೋಗೋದು ನೀರು ಮಾತ್ರ ಕಣೇ. ಕೈಗುಣ ಎಲ್ಲೂ ಹೋಗಲ್ಲ. ಯಾರು ಮಾಡಿದ್ದು ಅಂತ ಬೆಟ್ಟದ ತುದೀಲೂ ಹೇಳಬಹುದು," ಎನ್ನುತ್ತಿದ್ದರು.

ಆ ಪೆಟ್ಟಿಗೆಗೆ ನಾನು ಸವತಿ ಎಂದು ಹೆಸರಿಟ್ಟಿದ್ದೆ. ನಡುಮನೆಯ ಕಿಟಕಿ ಪಕ್ಕದ ಒಳ್ಳೆಯ ಜಾಗ ಅವಳದ್ದೇ. ಹಗಲೆಲ್ಲ ಗುಂಯ್ ಎನ್ನುತ್ತಿರುತ್ತಾಳೆ. ಇವರು ಆಗಾಗ ಎದ್ದು ಹೋಗಿ ಅವಳ ಬೆನ್ನು ಮುಟ್ಟಿ ನೋಡುವುದೇನು, ಬಾಗಿಲು ತೆರೆದು ಮೂಸುವುದೇನು! ನನಗೆ ಜ್ವರ ಬಂದಾಗ ಇಷ್ಟು ಸಲ ಹಣೆ ಮುಟ್ಟಿದವರಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಹೊಲಿಗೆಯಮ್ಮ ಇದ್ದಾರೆ. ಪರದೆ, ದಿಂಬಿನ ಚೀಲ, ಶಾಲೆಯ ಸಮವಸ್ತ್ರ ಹೊಲಿಯುವ ಹೆಂಗಸು. ತುಟಿಗಳ ನಡುವೆ ಯಾವಾಗಲೂ ಗುಂಡುಸೂಜಿ, ಹಾಗಾಗಿ ಮಾತು ಕಡಿಮೆ. ಅವರ ಒಬ್ಬನೇ ಮಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದ. ಅವನಿಗೂ ಇವರದ್ದೇ ಹುಚ್ಚು. ಪ್ರತಿ ಸಲ ಬೆಟ್ಟಕ್ಕೆ ಹೊರಡುವ ಮುಂಚೆ ಅಮ್ಮ ಮಾಡಿಕೊಟ್ಟ ಬೇಳೆ ಅನ್ನದ ಡಬ್ಬಿ ತಂದು, ಒಣಗಿಸಿಕೊಂಡು ಹೋಗುತ್ತಿದ್ದ. ಮುಚ್ಚಳ ತೆಗೆದರೆ ಸಾಕು, ಮನೆಯೆಲ್ಲ ಸೀದ ವಾಸನೆ.

"ನಿಮ್ಮಮ್ಮ ಒಲೆ ಮೇಲೆ ಏನಿಟ್ಟಿದ್ದೀನಿ ಅನ್ನೋದನ್ನೇ ಮರೀತಾರೇನೋ? ಪ್ರತಿ ಸಲ ತಳ ಹಿಡಿಸ್ತಾರಲ್ಲೋ!" ಎಂದು ನಾನು ರೇಗಿಸುತ್ತಿದ್ದೆ. ಅವನು ಕನ್ನಡಕ ಮೇಲೆ ತಳ್ಳಿಕೊಂಡು ನಗುತ್ತಿದ್ದ, ಅಷ್ಟೇ. ಬಂಗಾರದಂಥ ಹುಡುಗ.

ಒಂದು ಸಲ ಒಬ್ಬನೇ ಹೋದವನು ವಾಪಸು ಬರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹಿಮ ಸುರಿದುಬಿಟ್ಟಿತು. ಹುಡುಕುವವರು ಹೋದರು, ಇವರೂ ಜೊತೆಗೆ ಹೋದರು. ಒಂದು ಕೈಗವಸಾಗಲಿ, ಒಂದು ಬೂಟಾಗಲಿ, ಏನೂ ಸಿಗಲಿಲ್ಲ. ಕೊನೆಗೆ ಎಲ್ಲರೂ ಕೈಚೆಲ್ಲಿದರು.

ಅದಾದ ಮೇಲೆ ಒಂದು ಬೆಳಿಗ್ಗೆ ಹೊಲಿಗೆಯಮ್ಮ ಅದೇ ಡಬ್ಬಿ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಅದೇ ಬೇಳೆ ಅನ್ನ, ಅದೇ ಸೀದ ವಾಸನೆ.

"ಇದನ್ನ ಒಣಗಿಸಿ. ನೀವು ಮೇಲೆ ಹೋದಾಗ ತಂಗುಮನೇಲಿ ಇಟ್ಟು ಬನ್ನಿ," ಎಂದರು.

ತಂಗುಮನೆ ಎಂದರೆ ಬೆಟ್ಟದ ಚೂಪಾದ ಏಣು ಹತ್ತುವ ಮೊದಲು ಸಿಗುವ ಕಲ್ಲಿನ ಒಂಟಿ ಕೋಣೆ. ತಗಡಿನ ಸೂರು, ಮಲಗಲು ಒಂದು ಹಲಗೆ, ಮೂಲೆಯಲ್ಲಿ ಕಬ್ಬಿಣದ ಒಲೆ, ಅಷ್ಟೇ. ಇವರಿಗೆ ಇಲ್ಲ ಎನ್ನಲು ಬರುವುದಿಲ್ಲ. ಒಣಗಿಸಿದರು, ಹೋದರು, ಹಲಗೆಯ ಮೇಲೆ ಇಟ್ಟು ಬಂದರು. ಮುಂದಿನ ಸಲ ಹೋದಾಗ ಖಾಲಿ ಪೊಟ್ಟಣ ತಂದು ಹೊಲಿಗೆಯಮ್ಮನ ಕೈಗೆ ಕೊಟ್ಟರು. ಅವರು ಅದನ್ನು ತಿರುಗಿಸಿ ನೋಡಿ, ತಲೆಯಾಡಿಸಿ, ಇನ್ನೊಂದು ಡಬ್ಬಿ ಕೊಟ್ಟರು. ಹೀಗೇ ನಡೆಯಿತು. ನನಗೆ ಮೈ ಜುಮ್ಮೆನ್ನುತ್ತಿತ್ತು. ಯಾರು ತಿನ್ನುತ್ತಿದ್ದಾರೆ ಎಂದು ಕೇಳಿದರೆ ಇವರು ಸವತಿಯ ಬೆನ್ನು ಮುಟ್ಟಿ ನೋಡಲು ಎದ್ದು ಹೋಗುತ್ತಿದ್ದರು.

ಗುಟ್ಟು ಹೊರಬಿದ್ದದ್ದು ನಾನು ಇವರ ಚೀಲ ಒಗೆಯಲು ತೆಗೆದಾಗ. ದಾರಿಗೆಂದು ಕಟ್ಟಿಕೊಟ್ಟಿದ್ದ ಇವರದೇ ರಾತ್ರಿಯ ಊಟದ ಪೊಟ್ಟಣ ಒಡೆಯದೆ ಹಾಗೇ ಕೂತಿತ್ತು.

"ರೀ, ಬನ್ನಿ ಇಲ್ಲಿ! ಮೇಲೆ ಏನು ತಿಂದ್ರಿ, ಗಾಳೀನಾ?"

ಇವರು ನೆಲ ನೋಡಿಕೊಂಡು ಒಪ್ಪಿಕೊಂಡರು. ಮೊದಲ ಪೊಟ್ಟಣ ಇಟ್ಟು ಬಂದು ಮತ್ತೆ ಹೋದಾಗ ಅದು ಇಟ್ಟ ಹಾಗೇ ಇತ್ತಂತೆ. ಅದನ್ನು ಆ ತಾಯಿಗೆ ಹೇಗೆ ಹಿಂದಿರುಗಿಸುವುದು ಎಂದು ತಿಳಿಯದೆ, ಅಲ್ಲೇ ಕೂತು ನೀರು ಕಾಯಿಸಿ ತಾವೇ ತಿಂದರಂತೆ. ಆಮೇಲೆ ಪ್ರತಿ ಸಲವೂ ಅದೇ.

"ಛೀ! ಸತ್ತ ಮಗನ ಊಟ ತಿಂದು ಬಂದು ತಾಯಿ ಕೈಗೆ ಖಾಲಿ ಚೀಲ ಕೊಡ್ತೀರಾ? ಮಗ ಬದುಕಿದ್ದಾನೆ ಅಂತ ಆಕೆ ಕಾಯ್ತಾ ಕೂತಿದ್ದಾಳೆ. ಜೀವನ ಪೂರ್ತಿ ಹೀಗೇ ಕಾಯಿಸ್ತೀರಾ?"

"ಮತ್ತೇನು ಮಾಡ್ಲಿ ಹೇಳು?"

"ಹೋದ ಸಲ ಇಟ್ಟಿದ್ದನ್ನ ಹಾಗೇ ತನ್ನಿ. ತುಂಬಿದ ಪೊಟ್ಟಣ ಕೈಲಿ ಹಿಡಿದ್ರೆ ಅವ್ರಿಗೇ ಅರ್ಥ ಆಗುತ್ತೆ. ಒಂದು ದಿನ ಅಳ್ತಾರೆ, ಆಮೇಲೆ ಬಿಡುಗಡೆ."

ಅಂದು ನನ್ನ ಮಾತು ನನಗೆ ಬಲು ಬುದ್ಧಿವಂತಿಕೆಯದಾಗಿ ಕಂಡಿತ್ತು.

ಇವರು ಹೋಗಿ ಬಂದರು. ಬಂದವರು ಬೂಟು ಬಿಚ್ಚಲಿಲ್ಲ, ಹೊಸ್ತಿಲ ಮೇಲೇ ಕೂತುಬಿಟ್ಟರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಬಾಗಿಲಿಗೆ ಸೊಂಟದವರೆಗೆ ಹಿಮ ಬಿದ್ದಿತ್ತು. ನಾನೇ ತೋಡಿ ತೆಗೆದೆ. ಸುತ್ತ ಒಂದು ಹೆಜ್ಜೆ ಇಲ್ಲ ಕಣೇ. ಹಕ್ಕೀದೂ ಇಲ್ಲ," ಎಂದರು.

"ಆಮೇಲೆ?"

"ಒಳಗೆ ಒಲೆ ತಣ್ಣಗಿತ್ತು. ಬೂದಿ ಎಷ್ಟು ದಿನದ್ದೋ. ಆದ್ರೆ ಕೋಣೆ ತುಂಬ ಸೀದ ಅನ್ನದ ವಾಸನೆ. ಪೊಟ್ಟಣ ಖಾಲಿ. ಚೆಂದ ಮಡಚಿ ಹಲಗೆ ಮೇಲೆ ಇಟ್ಟಿತ್ತು. ಕೈಗೆ ತಗೊಂಡೆ... ಬಿಸಿ ಇತ್ತು."

"ಯಾರೋ ದಾರಿಹೋಕರು ತಿಂದಿರ್ತಾರೆ ಬಿಡಿ."

"ಬಾಗಿಲು ನಾನು ತೋಡಿದ್ದು ಅಂತ ಹೇಳಲಿಲ್ವಾ? ಯಾರಿದ್ದೀರಾ ಅಂತ ಕೂಗಿದೆ. ಆ ಕೋಣೇಲಿ ಅಡಗೋಕೆ ಜಾಗ ಎಲ್ಲಿದೆ? ಆದ್ರೂ ಕೂಗಿದೆ. ಆ ರಾತ್ರಿ ಹೊರಗೆ ಹಿಮದಲ್ಲೇ ಮಲಗಿದೆ. ಒಳಗೆ ಹಲಗೆ ಮೇಲೆ ಮಲಗೋಕೆ ಮನಸ್ಸು ಬರಲಿಲ್ಲ. ಯಾರದ್ದೋ ಜಾಗ ಅನ್ನಿಸ್ತು."

ಪೊಟ್ಟಣವನ್ನು ಚೀಲದ ಹೊರಜೇಬಿನಿಂದ ತೆಗೆದು ಕೊಟ್ಟರು. ಮೂರು ಮಡಿಕೆ ಮಡಚಿ, ಪೊಟ್ಟಣದ ಬಾಯಿಯಿಂದ ಹರಿದ ಪಟ್ಟಿಯನ್ನು ಮಡಿಕೆಯೊಳಗೆ ಸೇರಿಸಿಟ್ಟಿತ್ತು. ದಾರಿಯುದ್ದಕ್ಕೂ ಹಿಮದಲ್ಲೇ ಬಂದ ವಸ್ತು ಅದು. ನನ್ನ ಅಂಗೈಗೆ ಬೆಚ್ಚಗೆ ತಾಗಿತು. ಆಗಷ್ಟೇ ತಿಂದು ಇಟ್ಟ ತಟ್ಟೆಯ ಹಾಗೆ. "ಚೀಲದ ಕಾವು," ಎಂದು ಗಟ್ಟಿಯಾಗಿ ಹೇಳಿ ಚಮಚಗಳ ಡ್ರಾಯರಿಗೆ ಎಸೆದೆ. ಮರುದಿನ ಚಮಚ ತೆಗೆಯಲು ಡ್ರಾಯರ್ ಎಳೆದರೆ ಮುಂಗೈಗೆ ಶಾಖ ಬಡಿಯಿತು. ಅದರ ಮರುದಿನವೂ ಅಷ್ಟೇ. ಚಮಚಗಳನ್ನೆಲ್ಲ ಎತ್ತಿ ಬೇರೆ ಕಡೆ ಇಟ್ಟೆ. ಇವರಿಗೆ ಏಕೆಂದು ಹೇಳಲಿಲ್ಲ, ಇವರೂ ಕೇಳಲಿಲ್ಲ. ನನಗೆ ಹೆದರಿಕೆ ಆಗಿತ್ತು, ಬಾಯಿಬಿಟ್ಟು ಹೇಳಲು ಇನ್ನೂ ಹೆದರಿಕೆ.

ಆದರೆ ಹೊಲಿಗೆಯಮ್ಮನಿಗೆ ಏನು ಹೇಳುವುದು? ಇದನ್ನು ತೋರಿಸಿದರೆ ಮಗ ಅಲ್ಲೇ ಇದ್ದಾನೆ ಎಂದು ಆಕೆ ಹಿಮದಲ್ಲಿ ಹೊರಟೇಬಿಡುತ್ತಾಳೆ ಎಂದು ನನಗೆ ಅನ್ನಿಸಿತು. ಇವರಿಗೂ ಹಾಗೇ ಅನ್ನಿಸಿತು. ಕೊನೆಗೆ ನಾನೇ ದಾರಿ ಹುಡುಕಿದೆ. ಅದೇ ಥರದ್ದು ಒಂದು ಮಾಡಿ ಒಣಗಿಸೋಣ, ಇಟ್ಟ ಹಾಗೇ ಇತ್ತು ಎಂದು ಹೇಳಿ ಕೊಡೋಣ, ಅಲ್ಲಿಗೆ ಮುಗಿಯಿತು.

ಅಡುಗೆ ನಾನೇ ಮಾಡಿದೆ. ಡಬ್ಬಿಯಲ್ಲಿ ಏನೇನು ಇರುತ್ತಿತ್ತು ಎಂದು ನನಗೆ ಗೊತ್ತಿಲ್ಲವೇ? ಅಕ್ಕಿ, ಬೇಳೆ, ಗಜ್ಜರಿ, ಹುರುಳಿಕಾಯಿ. ಒಲೆಯ ಮುಂದಿನಿಂದ ಕದಲದೆ, ಕೈ ಬಿಡದೆ ತಿರುವಿದೆ. ನನ್ನ ಪಾತ್ರೆ ಇಂದಿನವರೆಗೆ ತಳ ಹಿಡಿದದ್ದಿಲ್ಲ, ಬೇಕಾದರೆ ಇಡೀ ಬೀದಿಯನ್ನು ಕೇಳಿ. ಪಾಪ, ಕೊನೆಯ ಪೊಟ್ಟಣವಾದರೂ ಸೀಯದೆ ಇರಲಿ ಎಂದುಕೊಂಡೆ. ಇವರು ಅಂದು ರುಚಿ ಕೂಡ ನೋಡಲಿಲ್ಲ. ಸುಮ್ಮನೆ ಒಣಗಿಸಿ ಬಾಯಿ ಅಂಟಿಸಿಕೊಟ್ಟರು.

ಹೊಲಿಗೆಯಮ್ಮ ಮಧ್ಯಾಹ್ನ ಬಂದರು. ಇವರು ಪೊಟ್ಟಣ ಕೊಟ್ಟು, "ಇಟ್ಟ ಹಾಗೇ ಇತ್ತಮ್ಮ," ಎಂದರು. ಆಕೆ ಪೊಟ್ಟಣ ಅಲ್ಲಾಡಿಸಿದರು. ಒಳಗೆ ಒಣ ಅಗುಳು ಸರಸರ ಎಂದಿತು. ಆ ಮುಖದಲ್ಲಿ ಆದ ಬದಲಾವಣೆಯನ್ನು ನಾನು ನೋಡಲಾರದೆ ಗೋಡೆ ಕಡೆ ತಿರುಗಿದೆ.

"ಸ್ವಲ್ಪ ನೀರು ಕಾಯಿಸ್ತೀರಾ? ನಾನೇ ತಿಂತೀನಿ," ಎಂದರು.

ನೀರು ಕಾಯಿಸಿ ಕೊಟ್ಟೆ. ಅವರೇ ಗೆರೆಯವರೆಗೆ ಸುರಿದು, ಶಾಲಿನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಕೂತರು. ಅಂದು ಸವತಿಯನ್ನು ಆರಿಸಿದ್ದೆವು. ಆ ಗುಂಯ್ ಸದ್ದಿಲ್ಲದೆ ನಮ್ಮ ಮನೆ ಬೇರೆ ಯಾರದೋ ಮನೆಯಂತೆ ಕಂಡಿತು. ಆಮೇಲೆ ಅವರು ಬಿಚ್ಚಿ ಒಂದು ಚಮಚ ಬಾಯಿಗಿಟ್ಟರು. ಅಗಿಯುವುದು ಒಮ್ಮೆ ನಿಂತಿತು. ಅವರು ಮತ್ತೆ ತಿನ್ನತೊಡಗಿದರು, ಕೊನೆಯ ಅಗುಳಿನವರೆಗೆ ಕೆರೆದು ತಿಂದರು. ಖಾಲಿ ಪೊಟ್ಟಣವನ್ನು ತೊಡೆಯ ಮೇಲಿಟ್ಟು ಬಟ್ಟೆ ಮಡಚುವ ಹಾಗೆ ಮೂರು ಮಡಿಕೆ ಮಾಡಿದರು. ಹರಿದ ಪಟ್ಟಿಯನ್ನು ಮಡಿಕೆಯೊಳಗೆ ಸೇರಿಸಿದರು.

ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು.

"ತಳ ಹಿಡಿದಿಲ್ಲ," ಎಂದರು ಹೊಲಿಗೆಯಮ್ಮ.

"ಏನಂದ್ರಿ?"

"ಅವನಿಗೆ ಸೀದ ವಾಸನೆ ಬರಬೇಕು. ಚಿಕ್ಕವನಿದ್ದಾಗಿಂದ ತಳದ್ದೇ ಬೇಕು ಅಂತ ಹಟ. ಅದಕ್ಕೆ ನಾನು ಬೇಕಂತಲೇ ಹಿಡಿಸ್ತಿದ್ದೆ. ಇದು ನೀವು ಮಾಡಿದ್ದು. ಚೆನ್ನಾಗೇ ಇದೆ." ಪೊಟ್ಟಣ ಬದಿಗಿಟ್ಟು ಕೇಳಿದರು, "ಹಾಗಾದ್ರೆ ನಾನು ಮಾಡಿದ್ದು ಎಲ್ಲಿ?"

ನಾಚಿಕೆಯಿಂದ ಸತ್ತುಹೋದಂತಾಯಿತು. ಎದ್ದು ಹೋಗಿ ಡ್ರಾಯರ್ ಎಳೆದು, ಆ ಪೊಟ್ಟಣ ತಂದು ಅವರ ಮುಂದಿಟ್ಟೆ. ಅವರು ಬಿಚ್ಚಿ ನೋಡಲಿಲ್ಲ. ಮಡಿಕೆಯ ಅಂಚಿನ ಮೇಲೆ ಬೆರಳಾಡಿಸಿ, ಎತ್ತಿ ಕೆನ್ನೆಗೆ ಒತ್ತಿಕೊಂಡರು.

"ಹೀಗೆ ಮಡಚೋದು ನಾನೇ ಹೇಳಿಕೊಟ್ಟಿದ್ದು," ಎಂದರು. ಆಮೇಲೆ ಇವರ ಕಡೆ ತಿರುಗಿ, "ಮೊದಲು ತಂದವೆಲ್ಲ ನೀವು ತಿಂದಿದ್ರಿ. ಹೇಗೆ ಬೇಕೋ ಹಾಗೆ ಸುರುಟಿರ್ತಿದ್ರಿ, ಗೊತ್ತಾಗ್ತಿತ್ತು. ಹೋಗಲಿ, ಯಾರೋ ತಿಂದ್ರಲ್ಲ ಅಂದ್ಕೊಂಡೆ," ಎಂದರು.

ಇವರು ಅಡುಗೆಮನೆಯ ಬಾಗಿಲು ಹಿಡಿದು ನಿಂತವರು ಮಗುವಿನಂತೆ ಅಳತೊಡಗಿದರು.

"ಅಮ್ಮಾ, ಅವನು ಬದುಕಿದ್ದಾನೆ ಅಂತ ಮಾತ್ರ..." ಎಂದು ನಾನು ಶುರುಮಾಡಿದೆ.

"ಅಯ್ಯೋ, ಇಲ್ಲಮ್ಮ. ಅವನು ಹೋದ. ಹಿಮ ಬಿದ್ದ ದಿನವೇ ನನಗೆ ಗೊತ್ತು." ಅವರ ದನಿ ನಡುಗಲಿಲ್ಲ. "ಆ ಸಲ ಅವಸರದಲ್ಲಿ ಪೊಟ್ಟಣಾನ ನನ್ನ ಹೊಲಿಗೆ ಮೆಷಿನ್ ಮೇಲೇ ಬಿಟ್ಟು ಹೋಗಿದ್ದ. ಸಂಜೆ ಬಟ್ಟೆ ಎತ್ತಿದಾಗ ನೋಡಿದೆ. ಹಸ್ಕೊಂಡು ಹೋದನಲ್ಲ ಅಂತ, ಅದೊಂದೇ ಕೊರಗು ನನಗೆ. ಬೇರೆ ಏನಿಲ್ಲ."

ಅವರು ನನ್ನ ಕೈ ಎಳೆದುಕೊಂಡು ಅಂಗೈ ಮೇಲೆ ಪೊಟ್ಟಣ ಇಟ್ಟು, ಮೇಲಿನಿಂದ ತಮ್ಮ ಕೈ ಮುಚ್ಚಿದರು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. ಪೊಟ್ಟಣ ಬಿಸಿಯಾಗೇ ಇತ್ತು.

"ತಿಂದನಲ್ಲ?" ಎಂದು ನನ್ನನ್ನೇ ಕೇಳಿದರು.

"ತಿಂದ. ಒಂದಗುಳೂ ಬಿಟ್ಟಿಲ್ಲ," ಎಂದೆ.

"ಸಾಕು ಬಿಡಿ."

ಆಗ ಅದು ತಣ್ಣಗಾಗತೊಡಗಿತು. ಅವರಿಗೂ ಅದು ತಿಳಿಯಿತು. ಅದು ಪೂರ್ತಿ ಆರುವವರೆಗೆ ನಾವಿಬ್ಬರೂ ಕೈ ತೆಗೆಯಲಿಲ್ಲ.