ಸಡಿಲವಾಗದ ಹೃದಯ

ನಮ್ಮ ಜೀವಶಾಸ್ತ್ರದ ಮೇಷ್ಟ್ರ ಕಾಲಿನ ಮೇಲೆ ಹೆಬ್ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು. ಅದು ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿತ್ತು. ಪ್ಯಾಂಟಿನ ಅಂಚು ಎತ್ತಿ ಒಮ್ಮೆ ತರಗತಿಯಲ್ಲಿ ಅವರೇ ತೋರಿಸಿದ್ದರು.

ಸೊರಬದಿಂದ ದಿನಾ ಬಸ್ಸಿನಲ್ಲಿ ಶಿಕಾರಿಪುರದ ನಮ್ಮ ಕಾಲೇಜಿಗೆ ಬರುತ್ತಿದ್ದರು. ತುಂಬ ದಪ್ಪ ಮೈ. ಮಹಡಿ ಹತ್ತುವಾಗ ನಡುವೆ ಕಿಟಕಿಯ ಬಳಿ ನಿಂತು ಹೊರಗೆ ನೋಡುವರು. ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಉಸಿರು ಹಿಂತಿರುಗಲೆಂದು ನಿಲ್ಲುತ್ತಿದ್ದರು.

ಆಗ ನಾನೂ ದಪ್ಪ ಹುಡುಗಿ. ಗೆಳತಿಯರು ನನ್ನನ್ನು ನೋಡಿ ನಗುವ ಮೊದಲೇ ಬೇರೆ ಯಾರನ್ನಾದರೂ ಆಡಿಕೊಂಡು ಅವರನ್ನು ನಗಿಸುವುದನ್ನು ಕಲಿತಿದ್ದೆ. ಒಂದು ದಿನ ಮೆಟ್ಟಿಲ ಮೇಲೆ ಮೇಷ್ಟ್ರ ಏದುಸಿರಿನ ಅಣಕು ಮಾಡಿದೆ. ಎಲ್ಲರೂ ನಕ್ಕರು, ಆಮೇಲೆ ಒಮ್ಮೆಲೇ ಸುಮ್ಮನಾದರು. ತಿರುಗಿದರೆ ಅವರು ಹಿಂದೆಯೇ ಇದ್ದರು. ಕಂಬಿ ಹಿಡಿದು ಮೇಲೆ ಹೋದರು.

ಮರುದಿನ ತಮ್ಮದೇ ಹೃದಯದ ಸ್ಕ್ಯಾನ್ ವರದಿ ತಂದು ಮೇಜಿನ ಮೇಲಿಟ್ಟರು.

"ಇವತ್ತಿನ ಪಾಠ ಇದೇ. ಹೃದಯದ ಸ್ನಾಯುವಿನ ಕೋಶಕ್ಕೆ ಉರಿಸೋಕೆ ಆಗೋದಕ್ಕಿಂತ ಹೆಚ್ಚು ಕೊಬ್ಬು ಬಂದು ಬೀಳ್ತದೆ. ಒಳಗೆ ಶಕ್ತಿ ತಯಾರು ಮಾಡೋ ಮೈಟೊಕಾಂಡ್ರಿಯ ದುಡಿದು ದುಡಿದು ಹಾಳಾಗ್ತವೆ. ಗೋಡೆ ದಪ್ಪ ಆಗಿ ಬಿಗೀತದೆ. ನನ್ನ ಹೃದಯ ಹಿಂಡೋದು ಸರಿಯಾಗೇ ಹಿಂಡ್ತದೆ. ಸಡಿಲ ಆಗಿ ರಕ್ತ ತುಂಬಿಸ್ಕೊಳ್ಳೋಕೆ ಬರೋದಿಲ್ಲ, ಅದು ಹಿಂದೆ ಶ್ವಾಸಕೋಶದಲ್ಲೇ ನಿಲ್ತದೆ. ಅದಕ್ಕೇ ಈ ಏದುಸಿರು."

ಯಾರೂ ನಗಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಗಂಟೆ ಹೊಡೆದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ಬೈಗುಳಕ್ಕೆ ಸಿದ್ಧಳಾಗಿದ್ದೆ.

"ಕತ್ತಿನ ಹಿಂದೆ ಕಪ್ಪಾಗಿದೆಯಲ್ಲಮ್ಮ, ಯಾವಾಗಿಂದ?"

"ಕೊಳೆ ಅಂತ ಅವ್ವ ದಿನಾ ತಿಕ್ಕತಾಳ್ರಿ ಸರ್."

"ಅದು ಕೊಳೆ ಅಲ್ಲ, ಸಕ್ಕರೆ ಕಾಯಿಲೆ ಬರೋ ಮುನ್ಸೂಚನೆ ಇರಬಹುದು. ತಿಕ್ಕಬೇಡ ಅನ್ನು. ಖಾಲಿ ಹೊಟ್ಟೇಲಿ ಹೋಗಿ ಸಕ್ಕರೆ ಪರೀಕ್ಷೆ ಮಾಡ್ಸು. ನಾಚಿಕೆ ಪಟ್ಕೊಂಡು ಮುಂದೆ ಹಾಕಬೇಡ, ನಾನು ಹಾಕಿದ್ದೆ."

ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆಯ ಅಂಚಿಗೆ ಬಂದು ನಿಂತಿದ್ದೆ. ಅವ್ವ ತಿಕ್ಕುವುದನ್ನು ಬಿಟ್ಟಳು. ನಾನು ಸಂಜೆ ನಡೆಯಲು ಶುರು ಮಾಡಿದೆ. ಮೇಷ್ಟ್ರು ಆಗಾಗ ವಿಚಾರಿಸುವರು. "ನೀವೂ ನಡೀರಿ ಸರ್" ಅಂದೆ ಒಮ್ಮೆ.

ಅವರು ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತಿದ್ದರು. "ಸಾಕಾಗಿದೆ ಕಣಮ್ಮ. ನಡೆಯೋಕೆ ಉಸಿರಿಲ್ಲ, ನಡೀದಿದ್ರೆ ಉಸಿರು ಬರೋದಿಲ್ಲ. ಕಡಿಮೆ ತಿನ್ರಿ ಅಂತ ಹೇಳದವರು ಈ ಊರಲ್ಲಿ ಯಾರೂ ಉಳಿದಿಲ್ಲ. ಸುಸ್ತಾಗ್ತದಾ ಅಂತ ಒಬ್ರೂ ಕೇಳಲಿಲ್ಲ."

ನಾನೂ ಕೇಳಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಅವರು ಹತ್ತುವವರೆಗೆ ಚೀಲ ಹಿಡಿದುಕೊಂಡು ನಿಂತೆ.

ಎರಡು ವರ್ಷದ ನಂತರ, ನಾನು ನರ್ಸಿಂಗ್ ಓದುತ್ತಿದ್ದಾಗ, ಅವರು ತೀರಿಕೊಂಡರು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಕೊನೆಯ ವಾರಗಳನ್ನು ಕೂತೇ ಕಳೆದರಂತೆ. ಅಣಕಿಸಿದ್ದಕ್ಕೆ ನಾನು ಕ್ಷಮೆ ಕೇಳಿರಲಿಲ್ಲ. ಕೇಳಬೇಕೆಂದು ಎಷ್ಟೋ ಸಲ ಹೊರಟು, ಬರಿಯ ನಮಸ್ಕಾರ ಹೇಳಿ ಬಂದಿದ್ದೆ.

ಈಗ ಸೊರಬದ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸ. ಮಧ್ಯಾಹ್ನದ ಹೊತ್ತಿಗೆ ನನ್ನ ಸೊಂಟವೂ ಸೋತಿರುತ್ತದೆ, ರೋಗಿಗಳ ಸಾಲು ಕರಗಿರುವುದಿಲ್ಲ. ದಪ್ಪ ಮೈಯವರು ಯಾರಾದರೂ ಏದುಸಿರು ಬಿಡುತ್ತಾ ಬಂದು, ತೂಕದ ಯಂತ್ರದ ಕಡೆ ನೋಡಿ ಹಿಂಜರಿದು ನಿಲ್ಲುತ್ತಾರೆ. ನಾನು ಮೊದಲು ಕುರ್ಚಿ ಎಳೆದುಕೊಡುತ್ತೇನೆ. ಆಮೇಲೆ, "ಬಾಳ ಸುಸ್ತಾಗ್ತದೇನ್ರಿ?" ಎಂದು ಕೇಳುತ್ತೇನೆ.